ಒಬ್ಬನೇ ದೇವರು: ಒಬ್ಬ ಸಂದೇಹಿಯ ನಾಲ್ಕು ಪ್ರಶ್ನೆಗಳು



ದಿನಕ್ಕೆ ಐದು ಬಾರಿ ಮಸೀದಿಯಿಂದ ಬರುವ ಬಾಂಗಿನ ಕರೆಯನ್ನು ನಿಮ್ಮಲ್ಲಿ ಬಹಳ ಮಂದಿ ಚಿಕ್ಕಂದಿನಿಂದಲೂ ಕೇಳಿದ್ದೀರಿ. ಅದರ ಧಾಟಿ ನಿಮಗೆ ಪರಿಚಿತ. ಆದರೆ ಅದರ ಅರ್ಥವೇನೆಂದು ವಿಚಾರಿಸಿದವರು ಕಡಿಮೆ. ದೇವರು ಎಲ್ಲಕ್ಕಿಂತ ದೊಡ್ಡವನೆಂದು ಸಾರುತ್ತ ಆ ಕರೆ ಆರಂಭವಾಗುತ್ತದೆ. ಅದರ ಬೆನ್ನಿಗೇ, ಆ ಒಬ್ಬನ ಹೊರತು ಆರಾಧನೆಗೆ ಅರ್ಹರು ಬೇರಾರೂ ಇಲ್ಲವೆಂಬ ಸಾಕ್ಷ್ಯ ಬರುತ್ತದೆ. ಈ ನಂಬಿಕೆಯನ್ನು ಅರಬ್ಬಿ ಭಾಷೆಯಲ್ಲಿ 'ತೌಹೀದ್' ಎನ್ನುತ್ತಾರೆ. ಒಂದೆಂದು ಅರಿಯುವುದು, ಒಂದೆಂದು ಒಪ್ಪಿ ನಡೆಯುವುದು ಎಂದು ಅದರ ಅರ್ಥ. ಇಸ್ಲಾಮಿನ ಉಳಿದೆಲ್ಲ ಆಚರಣೆಗಳೂ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ಈ ನಂಬಿಕೆಯನ್ನು ಯಾರ ಮೇಲೂ ಹೊರಿಸುವುದು ಈ ಮಾತಿನ ಉದ್ದೇಶವಲ್ಲ. ಅದನ್ನು ನಂಬಿದವರು ನಿಜವಾಗಿ ನಂಬಿರುವುದು ಏನನ್ನು ಎಂಬುದನ್ನು ತಿಳಿಯುವುದಷ್ಟೇ ಉದ್ದೇಶ. ಅದಕ್ಕಾಗಿ ನಾವು ಒಬ್ಬ ಸಂದೇಹಿಯನ್ನು ಎದುರಿಗೆ ಕೂರಿಸಿಕೊಳ್ಳೋಣ. ಆತ ನಿಮ್ಮಂತೆಯೇ ಕಾಲೇಜಿನಲ್ಲಿ ಓದುವವನು. ಯಾರನ್ನೂ ಹೀಯಾಳಿಸುವ ಸ್ವಭಾವದವನಲ್ಲ. ಆದರೆ ತನಗೆ ಒಪ್ಪಿಗೆಯಾಗದ ಮಾತಿಗೆ ತಲೆಯಾಡಿಸುವವನೂ ಅಲ್ಲ. ಆತ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನೆ.

ಆತನ ಮೊದಲನೆಯ ಪ್ರಶ್ನೆ ಇದು: "ದೇವರು ಒಬ್ಬನಾದರೇನು, ಹತ್ತಾದರೇನು? ಲೆಕ್ಕದಲ್ಲಿ ಇಷ್ಟು ಹಟವೇಕೆ?"

ಪ್ರಶ್ನೆ ಸರಿಯಾದದ್ದೇ. ತೌಹೀದ್ ಬರೀ ಲೆಕ್ಕದ ಮಾತಾಗಿದ್ದರೆ ಹಟಕ್ಕೆ ಅರ್ಥವಿರುತ್ತಿರಲಿಲ್ಲ. ಕುರ್‌ಆನಿನ 112ನೆಯ ಅಧ್ಯಾಯ 'ಅಲ್ ಇಖ್ಲಾಸ್'. ಅದರಲ್ಲಿರುವುದು ನಾಲ್ಕೇ ಸೂಕ್ತಗಳು. ದೇವರು ಏಕನೆಂದು ಅದು ಮೊದಲು ಹೇಳುತ್ತದೆ. ಎಲ್ಲವೂ ಅವನನ್ನು ಅವಲಂಬಿಸಿದೆ, ಅವನು ಯಾವುದನ್ನೂ ಅವಲಂಬಿಸಿಲ್ಲ ಎಂಬುದು ಎರಡನೆಯ ಮಾತು. ಅವನಿಗೆ ಸಂತಾನವಿಲ್ಲ, ಹೆತ್ತವರೂ ಇಲ್ಲ ಎಂಬುದು ಮೂರನೆಯದು. ಅವನಿಗೆ ಸರಿಸಮಾನರಿಲ್ಲ ಎಂಬುದು ಕೊನೆಯದು. ಗಮನಿಸಿ, ಇಲ್ಲಿ ಸಂಖ್ಯೆಯ ಮಾತು ಮೊದಲ ಸೂಕ್ತದಲ್ಲೇ ಮುಗಿಯಿತು. ಉಳಿದ ಮೂರೂ ಆ 'ಒಂದು' ಎಂಥದು ಎಂಬುದನ್ನು ವಿವರಿಸುತ್ತವೆ. ಒಂದು ಮಾವಿನ ಹಣ್ಣಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರೆ ಎರಡಾಗುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಇಡುವುದೇ ಸಾಧ್ಯವಿಲ್ಲದ 'ಒಂದು' ಇದು.

ಇದರಿಂದ ಬಾಳಿಗೆ ಏನು ವ್ಯತ್ಯಾಸವಾಗುತ್ತದೆ? ಬಿಲಾಲರ ಬದುಕನ್ನು ನೋಡೋಣ. ಅವರು ಮೂಲತಃ ಅಬಿಸೀನಿಯಾದವರು, ಮಕ್ಕಾದಲ್ಲಿ ಉಮಯ್ಯ ಎಂಬ ಶ್ರೀಮಂತನ ಗುಲಾಮರಾಗಿದ್ದರು. ಅವರು ಪ್ರವಾದಿ ಮುಹಮ್ಮದರ ಬೋಧನೆಯನ್ನು ಒಪ್ಪಿದ್ದು ಒಡೆಯನಿಗೆ ಸಹಿಸಲಾಗಲಿಲ್ಲ. ಆತ ಅವರನ್ನು ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆಯನ್ನು ಹೇರಿಸಿದ. ಆಗ ಬಿಲಾಲರ ಬಾಯಿಂದ ಮತ್ತೆ ಮತ್ತೆ ಬಂದದ್ದು ಒಂದೇ ಪದ: ಏಕನು ಎಂಬ ಅರ್ಥದ 'ಅಹದ್'. ಆ ಗುಲಾಮನ ಬಾಯಲ್ಲಿ ಅದು ಗಣಿತವಾಗಿತ್ತೇ? ಅಲ್ಲ. ನನ್ನ ಮೈಯನ್ನು ನೀನು ಹಣ ಕೊಟ್ಟು ಕೊಂಡಿರಬಹುದು, ಆದರೆ ನನ್ನ ಪ್ರಭು ನೀನಲ್ಲ ಎಂಬುದೇ ಆ ಪದದ ಅರ್ಥವಾಗಿತ್ತು. ಮುಂದೆ ಅಬೂಬಕರರು ಅವರನ್ನು ಕೊಂಡು ಬಿಡುಗಡೆ ಮಾಡಿದರು. ನಾನು ಆರಂಭದಲ್ಲಿ ಹೇಳಿದ ಬಾಂಗನ್ನು ಮೊಟ್ಟಮೊದಲು ಕೂಗಿದವರೂ ಇದೇ ಬಿಲಾಲರು.

ಅದೇ ಅಬೂಬಕರರ ಇನ್ನೊಂದು ಪ್ರಸಂಗವಿದೆ. ಕ್ರಿ.ಶ. 632ರಲ್ಲಿ ಪ್ರವಾದಿಯವರು ಮದೀನಾದಲ್ಲಿ ತೀರಿಕೊಂಡಾಗ ಹಲವರಿಗೆ ಅದನ್ನು ನಂಬಲಾಗಲಿಲ್ಲ. ಉಮರರಂಥ ಗಟ್ಟಿಗರೇ ಅದನ್ನು ಒಪ್ಪಲು ಸಿದ್ಧರಿರಲಿಲ್ಲ. ಆಗ ಅಬೂಬಕರರು ಜನರೆದುರು ನಿಂತು, ಮುಹಮ್ಮದರನ್ನು ಪೂಜಿಸುತ್ತಿದ್ದವರಿದ್ದರೆ ಅವರು ತೀರಿಕೊಂಡಿದ್ದಾರೆ ಎಂದು ತಿಳಿಯಲಿ, ದೇವರನ್ನು ಆರಾಧಿಸುವವರು ಅವನಿಗೆ ಸಾವಿಲ್ಲ ಎಂದು ತಿಳಿಯಲಿ ಎಂಬ ಅರ್ಥದ ಮಾತನ್ನಾಡಿದರು. ತಮ್ಮ ಅತ್ಯಂತ ಪ್ರೀತಿಯ ವ್ಯಕ್ತಿ ಇನ್ನಿಲ್ಲವಾದ ಗಳಿಗೆಯಲ್ಲೂ ಆ ವ್ಯಕ್ತಿಯನ್ನು ದೇವರ ಸ್ಥಾನದಲ್ಲಿ ಕೂರಿಸಲು ಅವರು ಒಪ್ಪಲಿಲ್ಲ. ದೇವರಲ್ಲದ ಯಾವುದನ್ನೂ, ಅದು ಎಷ್ಟೇ ಪ್ರಬಲವಾಗಿರಲಿ, ಎಷ್ಟೇ ಪ್ರಿಯವಾಗಿರಲಿ, ದೇವರ ಸ್ಥಾನದಲ್ಲಿ ಇಡದಿರುವುದೇ ತೌಹೀದಿನ ತಿರುಳು.

ನಮ್ಮ ಗೆಳೆಯ ಎರಡನೆಯ ಪ್ರಶ್ನೆ ಕೇಳುತ್ತಾನೆ: "ಆಯಿತು. ಆದರೆ ಅಂಥ ಒಬ್ಬನಿದ್ದಾನೆ ಎಂಬುದಕ್ಕೆ ಆಧಾರವೇನು? ಎಲ್ಲವನ್ನೂ ದೇವರು ಮಾಡಿದನೆಂದರೆ, ದೇವರನ್ನು ಮಾಡಿದವರು ಯಾರು?"

ಇದಕ್ಕೆ ತರ್ಕದ ಮೂಲಕ ಉತ್ತರಿಸಿದವರಲ್ಲಿ ಇಬ್ನ್ ಸೀನಾ ಪ್ರಮುಖರು. 980ರಿಂದ 1037ರವರೆಗೆ ಬಾಳಿದ ಅವರು ವೈದ್ಯರೂ ಹೌದು, ತತ್ತ್ವಜ್ಞಾನಿಯೂ ಹೌದು. ಅವರ ವಾದದ ಸಾರವನ್ನು ಒಂದು ಸಣ್ಣ ಉದಾಹರಣೆಯಿಂದ ಹೇಳುತ್ತೇನೆ. ಪರೀಕ್ಷೆಯ ಮುನ್ನಾದಿನ ನೀವು ಗೆಳೆಯನಿಂದ ಒಂದು ಪುಸ್ತಕವನ್ನು ಎರವಲು ತಂದಿರಿ. ಆತ ಅದನ್ನು ಇನ್ನೊಬ್ಬನಿಂದ ತಂದಿದ್ದ, ಆ ಇನ್ನೊಬ್ಬ ಮತ್ತೊಬ್ಬನಿಂದ. ಈ ಸಾಲಿನಲ್ಲಿ ಇರುವವರೆಲ್ಲರೂ ಎರವಲು ತಂದವರೇ ಆದರೆ ಪುಸ್ತಕ ಬಂದದ್ದೆಲ್ಲಿಂದ? ಸಾಲನ್ನು ಎಷ್ಟು ಉದ್ದ ಮಾಡಿದರೂ ಉತ್ತರ ಸಿಗುವುದಿಲ್ಲ. ಪುಸ್ತಕವನ್ನು ಎರವಲು ತರದೆ ಸ್ವಂತದ್ದಾಗಿ ಹೊಂದಿದವನೊಬ್ಬ ಇರಲೇಬೇಕು. ನಾವು ಕಾಣುವ ವಸ್ತುಗಳ ಇರವೂ ಹೀಗೆ ಎರವಲಿನದು. ಮರ ಬೀಜದಿಂದ ಬಂತು, ಮಣ್ಣು ನೀರುಗಳಿಂದ ಬೆಳೆಯಿತು. ಅದು ಇಲ್ಲದೆಯೂ ಇರಬಹುದಿತ್ತು. ಇರವನ್ನು ಬೇರೆಯವರಿಂದ ಪಡೆಯದೆ ತಾನಾಗಿಯೇ ಇರುವ ಒಂದು ಇರಲೇಬೇಕು ಎಂದರು ಇಬ್ನ್ ಸೀನಾ. ಅದನ್ನು 'ಇರಲೇಬೇಕಾದ ಇರವು' ಎಂದು ಕರೆದರು. ಪುಸ್ತಕದ ಒಡೆಯನನ್ನು 'ನೀನು ಯಾರಿಂದ ಎರವಲು ತಂದೆ?' ಎಂದು ಕೇಳುವುದು ಹೇಗೆ ಹೊಂದುವುದಿಲ್ಲವೋ, ದೇವರನ್ನು ಮಾಡಿದವರು ಯಾರು ಎಂಬ ಪ್ರಶ್ನೆಯೂ ಹಾಗೆಯೇ ಹೊಂದುವುದಿಲ್ಲ ಎಂಬುದು ಈ ವಾದ.

ಅಂಥವು ಎರಡು ಏಕಿರಬಾರದು? ಎರಡಿದ್ದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಏನಾದರೊಂದು ಅಂಶ ಬೇಕಾಗುತ್ತದೆ. ಆಗ ಅವು ಅಂಶಗಳಿಂದ ಕೂಡಿದವುಗಳಾಗುತ್ತವೆ. ಅಂಶಗಳಿಂದ ಕೂಡಿದ್ದು ತನ್ನ ಅಂಶಗಳನ್ನು ಅವಲಂಬಿಸಿರುತ್ತದೆ, ಹಾಗಾಗಿ ಸ್ವತಂತ್ರವಲ್ಲ. ಕುರ್‌ಆನ್ ಇದಕ್ಕಿಂತ ಸರಳವಾದ ಮಾತನ್ನು ಹೇಳುತ್ತದೆ. ಭೂಮಿ ಆಕಾಶಗಳಲ್ಲಿ ಒಬ್ಬನಿಗಿಂತ ಹೆಚ್ಚು ದೇವರುಗಳಿದ್ದಿದ್ದರೆ ಎರಡೂ ಕೆಟ್ಟುಹೋಗುತ್ತಿದ್ದವು ಎಂಬುದು ಅದರ 21ನೆಯ ಅಧ್ಯಾಯದ ವಾದ.

ಸಂದೇಹಿ ಸುಲಭವಾಗಿ ಬಿಡುವವನಲ್ಲ. "ಆ ಎರವಲಲ್ಲದ ಇರವು ಈ ವಿಶ್ವವೇ ಏಕಾಗಿರಬಾರದು?" ಎನ್ನುತ್ತಾನೆ. ಬಿಡಿಬಿಡಿಯಾಗಿ ಎರವಲಿನವಾದ ವಸ್ತುಗಳನ್ನು ರಾಶಿ ಹಾಕಿದರೆ ರಾಶಿಯೂ ಎರವಲಿನದೇ ಎಂದು ಇಬ್ನ್ ಸೀನಾರ ಪಕ್ಷದವರು ಉತ್ತರಿಸುತ್ತಾರೆ. ಇಡೀ ರಾಶಿಗೆ ಬಿಡಿ ವಸ್ತುವಿನ ನಿಯಮ ಅನ್ವಯಿಸಲೇಬೇಕೆ ಎಂದು ಆತ ಮತ್ತೆ ಕೇಳಬಹುದು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ತರ್ಕವೊಂದರಿಂದಲೇ ಎಲ್ಲರ ಬಾಯನ್ನೂ ಮುಚ್ಚಿಸಬಹುದೆಂದು ಹೇಳಿದರೆ ಅದು ಪ್ರಾಮಾಣಿಕ ಮಾತಾಗುವುದಿಲ್ಲ.

ಇದನ್ನು ಚೆನ್ನಾಗಿ ಬಲ್ಲವರು ಅಲ್ ಗಝಾಲಿ. ಅವರ ಕಾಲ 1058ರಿಂದ 1111. ಬಾಗ್ದಾದಿನ ನಿಝಾಮಿಯಾ ವಿದ್ಯಾಲಯದ ಪ್ರಸಿದ್ಧ ಅಧ್ಯಾಪಕರಾಗಿದ್ದ ಅವರು ತಮ್ಮ ಆತ್ಮಕಥನದಲ್ಲಿ ತಮ್ಮ ಸಂದೇಹದ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಣ್ಣಿಗೆ ನಕ್ಷತ್ರ ಒಂದು ನಾಣ್ಯದಷ್ಟೇ ಕಾಣುತ್ತದೆ. ಅದು ಭೂಮಿಗಿಂತಲೂ ದೊಡ್ಡದೆಂದು ಗಣಿತ ಹೇಳುತ್ತದೆ. ಕಣ್ಣು ಮೋಸ ಮಾಡಿದಂತೆ ಬುದ್ಧಿಯೂ ಮೋಸ ಮಾಡುತ್ತಿರಬಹುದಲ್ಲವೆ ಎಂಬ ಸಂದೇಹ ಅವರನ್ನು ಸುಮಾರು ಎರಡು ತಿಂಗಳು ಕಾಡಿತು. ಅದರಿಂದ ತಾವು ಹೊರಬಂದದ್ದು ಯಾವುದೇ ಪ್ರಮಾಣವಾಕ್ಯದಿಂದಲ್ಲ, ದೇವರು ಎದೆಯಲ್ಲಿ ಇಟ್ಟ ಬೆಳಕಿನಿಂದ ಎನ್ನುತ್ತಾರೆ ಅವರು. 1095ರಲ್ಲಿ ಇನ್ನೊಂದು ತಳಮಳ ಬಂತು. ತಾನು ಪಾಠ ಹೇಳುತ್ತಿರುವುದು ದೇವರಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ತರಗತಿಯಲ್ಲಿ ನಾಲಿಗೆಯೇ ಹೊರಳದಂತಾಯಿತು. ಕೊನೆಗೆ ಹುದ್ದೆಯನ್ನು ಬಿಟ್ಟು ಹೊರಟುಹೋದರು. ಈ ಎರಡನೆಯ ಪ್ರಸಂಗವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯ ಪ್ರಶ್ನೆ: "ಒಬ್ಬನನ್ನೇ ಆರಾಧಿಸುವವರು ಕಾಬಾದ ಕಡೆಗೆ ಬಾಗುವುದೇಕೆ? ಅಲ್ಲಿರುವ ಕಪ್ಪು ಶಿಲೆಗೆ ಮುತ್ತಿಡುವುದೇಕೆ? ಒಬ್ಬನಿಗೇ ತೊಂಬತ್ತೊಂಬತ್ತು ಹೆಸರುಗಳೇಕೆ?"

ಕಾಬಾ ಒಂದು ದಿಕ್ಕು, ಆರಾಧನೆಯ ವಸ್ತುವಲ್ಲ. ಮೊದಲು ಮುಸ್ಲಿಮರು ನಮಾಜಿನಲ್ಲಿ ಜೆರುಸಲೇಮಿನ ಕಡೆಗೆ ಮುಖ ಮಾಡುತ್ತಿದ್ದರು. 624ರಲ್ಲಿ ಆ ದಿಕ್ಕು ಮಕ್ಕಾಕ್ಕೆ ಬದಲಾಯಿತು. ಪೂರ್ವ ಪಶ್ಚಿಮಗಳೆರಡೂ ದೇವರದೇ ಎಂದು ಕುರ್‌ಆನ್ ಹೇಳುತ್ತದೆ. ಶಿಲೆಯ ವಿಷಯದಲ್ಲಿ ಎರಡನೆಯ ಖಲೀಫ ಉಮರರ ಮಾತು ಹದೀಸಿನಲ್ಲಿ ದಾಖಲಾಗಿದೆ. ಅದಕ್ಕೆ ಮುತ್ತಿಡುವಾಗ ಅವರು, ನೀನು ಬರೀ ಕಲ್ಲು, ನಿನ್ನಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಪ್ರವಾದಿ ಮುತ್ತಿಟ್ಟದ್ದನ್ನು ಕಂಡಿರದಿದ್ದರೆ ನಾನು ಇಡುತ್ತಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿದರಂತೆ.

ಹೆಸರುಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಕರುಣಾಮಯಿ, ನ್ಯಾಯವಂತ, ಬಲ್ಲವನು ಎಂಬ ಗುಣಗಳು ದೇವರಿಂದ ಬೇರೆಯಾಗಿ ಅನಾದಿಯಿಂದ ಇದ್ದರೆ, ಅನಾದಿಯಾದವು ಹಲವು ಆಗಲಿಲ್ಲವೆ? ಈ ಪ್ರಶ್ನೆ ಕೇಳಿದವರು ಹೊರಗಿನವರಲ್ಲ, ಮುಸ್ಲಿಮರೇ ಆದ ಮುಅತಝಿಲಾ ಪಂಥದವರು. ಗುಣಗಳು ದೇವರಿಂದ ಬೇರೆಯಲ್ಲ ಎಂದರು ಅವರು. ಕುರ್‌ಆನ್ ಕೂಡ ಅನಾದಿಯಲ್ಲ, ಸೃಷ್ಟಿಯಾದದ್ದು ಎಂದು ವಾದಿಸಿದರು. 833ರಲ್ಲಿ ಖಲೀಫ ಮಾಮೂನ್ ಈ ಮತವನ್ನು ಒಪ್ಪುವಂತೆ ವಿದ್ವಾಂಸರನ್ನು ಬಲವಂತಪಡಿಸಿದ. ಒಪ್ಪದ ಅಹ್ಮದ್ ಇಬ್ನ್ ಹಂಬಲರು ಸೆರೆಮನೆ ಸೇರಿದರು. ಮುಂದೆ ಬಂದ ಅಶ್‌ಅರಿ ಪಂಥದವರು, ಗುಣಗಳು ದೇವರೇ ಅಲ್ಲ, ದೇವರಿಂದ ಬೇರೆಯೂ ಅಲ್ಲ ಎಂಬ ಮಧ್ಯದ ಮಾತನ್ನು ಹೇಳಿದರು. ದರ್ಗಾಗಳಲ್ಲಿ ಸಂತರ ಮಧ್ಯಸ್ಥಿಕೆಯನ್ನು ಬೇಡುವುದು ಸರಿಯೋ ಅಲ್ಲವೋ ಎಂಬ ಬಗ್ಗೆ ಇಂದಿಗೂ ಮುಸ್ಲಿಮರಲ್ಲಿ ಭಿನ್ನಾಭಿಪ್ರಾಯವಿದೆ. ಏಕತ್ವಕ್ಕೆ ಎಲ್ಲಿ ಕುಂದು ಬರುತ್ತದೆ ಎಂಬ ಎಚ್ಚರವೇ ಈ ಚರ್ಚೆಗಳ ಹಿಂದೆ ಇರುವುದು.

ಕೊನೆಯ ಪ್ರಶ್ನೆಯನ್ನು ಸಂದೇಹಿ ತುಸು ಮೆಲ್ಲನೆ ಕೇಳುತ್ತಾನೆ. "ಇರುವವನು ಒಬ್ಬನೇ, ಅವನು ಕರುಣಾಮಯಿ. ಹಾಗಾದರೆ ಏನೂ ತಪ್ಪು ಮಾಡದ ಎಳೆಯ ಮಗು ಕಾಯಿಲೆಯಿಂದ ನರಳುವುದೇಕೆ?"

ಮಿತ್ರರೆ, ಇದು ನಾಲ್ಕರಲ್ಲಿ ಕಠಿಣವಾದದ್ದು. ತೌಹೀದ್ ಇದನ್ನು ಸುಲಭ ಮಾಡುವುದಿಲ್ಲ. ಇನ್ನಷ್ಟು ಕಠಿಣ ಮಾಡುತ್ತದೆ. ಪ್ರಾಚೀನ ಇರಾನಿನಲ್ಲಿ ಮಾನಿ ಎಂಬಾತನ ಅನುಯಾಯಿಗಳು ಬೆಳಕು ಕತ್ತಲೆಗಳೆಂಬ ಎರಡು ಮೂಲತತ್ತ್ವಗಳನ್ನು ನಂಬಿದ್ದರು. ಅವರಿಗೆ ಉತ್ತರ ಸುಲಭವಿತ್ತು: ಕೆಡುಕು ಬಂದದ್ದು ಕತ್ತಲೆಯಿಂದ. ಒಬ್ಬನೇ ಎಂದವನಿಗೆ ದೂರಲು ಎರಡನೆಯವನು ಇಲ್ಲ. ಇದು ಪರೀಕ್ಷೆ, ಇದಕ್ಕೆ ಮುಂದಿನ ಲೋಕದಲ್ಲಿ ನ್ಯಾಯವಿದೆ, ನಮ್ಮ ಅರಿವು ಸಣ್ಣದು ಎಂಬ ಉತ್ತರಗಳನ್ನು ವಿದ್ವಾಂಸರು ಕೊಟ್ಟಿದ್ದಾರೆ. ಮಗುವಿನ ಹಾಸಿಗೆಯ ಬಳಿ ಕುಳಿತ ತಾಯಿಗೆ ಇವುಗಳಲ್ಲಿ ಯಾವುದೂ ಪೂರ್ತಿ ಉತ್ತರವಾಗದೆ ಇರಬಹುದು. ಆದರೆ ತೌಹೀದನ್ನು ನಂಬಿದ ತಾಯಿ ಪ್ರಾರ್ಥನೆಗೂ ದೂರಿಗೂ ಅದೇ ಒಬ್ಬನ ಕಡೆಗೆ ತಿರುಗುತ್ತಾಳೆ. ಕಾಯಿಲೆ ಕಷ್ಟಗಳನ್ನು ಕಂಡ ಪ್ರವಾದಿ ಅಯ್ಯೂಬರು ತಮ್ಮ ನೋವನ್ನು ದೇವರಲ್ಲೇ ತೋಡಿಕೊಂಡದ್ದನ್ನು ಕುರ್‌ಆನ್ ಮೆಚ್ಚಿ ಹೇಳುತ್ತದೆ. ಒಬ್ಬನೇ ಎಂದರೆ ಕರೆಯಬೇಕಾದವನೂ ಒಬ್ಬನೇ.

ಇನ್ನು ಗಝಾಲಿಯವರ ಎರಡನೆಯ ಪ್ರಸಂಗಕ್ಕೆ ಬರೋಣ. ದೇವರೊಂದಿಗೆ ಇನ್ನೊಂದನ್ನು ಸೇರಿಸುವುದನ್ನು ಇಸ್ಲಾಮಿನಲ್ಲಿ 'ಶಿರ್ಕ್' ಎನ್ನುತ್ತಾರೆ. ಇತರರ ಪೂಜೆಯನ್ನು ನೋಡಿ ಆಡುವ ಮಾತು ಅದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಜನ ನೋಡಲಿ, ಹೊಗಳಲಿ ಎಂದು ಮಾಡುವ ನಮಾಜನ್ನೂ ದಾನವನ್ನೂ ಹದೀಸು 'ಸಣ್ಣ ಶಿರ್ಕ್' ಎಂದು ಕರೆಯುತ್ತದೆ. ಪ್ರವಾದಿಯವರು ತಮ್ಮವರ ವಿಷಯದಲ್ಲಿ ಅದಕ್ಕೆ ಹೆದರಿದ್ದರು ಎನ್ನುತ್ತದೆ. ತನ್ನ ಆಸೆಯನ್ನೇ ದೇವರನ್ನಾಗಿ ಮಾಡಿಕೊಂಡವನ ಬಗ್ಗೆಯೂ ಕುರ್‌ಆನ್ ಎಚ್ಚರಿಸುತ್ತದೆ. ಹೆಸರು, ಹಣ, ಅಧಿಕಾರ, ನಾಲ್ಕು ಜನರ ಮೆಚ್ಚುಗೆ ಇವೆಲ್ಲ ಆ ಸ್ಥಾನವನ್ನು ಹಿಡಿಯಬಲ್ಲವು. ಗಝಾಲಿಯವರ ನಾಲಿಗೆ ಕಟ್ಟಿದ್ದು ಈ ಅರಿವಿನಿಂದ. ಹೀಗೆ ತೌಹೀದ್ ಎಂಬುದು ನಂಬುವವನು ಮೊದಲು ತನ್ನನ್ನೇ ಅಳೆದುಕೊಳ್ಳಬೇಕಾದ ಅಳತೆಗೋಲು.

ನಮ್ಮ ಸಂದೇಹಿ ಈಗಲಾದರೂ ಒಪ್ಪಿದನೆ? ಒಪ್ಪಿರಬಹುದು, ಒಪ್ಪದಿರಬಹುದು. ಧರ್ಮದಲ್ಲಿ ಬಲಾತ್ಕಾರ ಸಲ್ಲದೆಂದು ಕುರ್‌ಆನೇ ಹೇಳುತ್ತದೆ. ಅದೇ ಗ್ರಂಥದಲ್ಲಿ ಪ್ರವಾದಿ ಇಬ್ರಾಹೀಮರ ಕಥೆಯಿದೆ. ಅವರು ನಕ್ಷತ್ರವನ್ನು ಕಂಡು ಇದೇ ದೇವರಿರಬಹುದೇ ಎಂದರು, ಅದು ಮುಳುಗಿತು. ಚಂದ್ರನನ್ನು ಕಂಡರು, ಅವನೂ ಮುಳುಗಿದ. ಸೂರ್ಯನೂ ಮುಳುಗಿದ. ಮುಳುಗುವುದನ್ನು ತಾನು ಆರಾಧಿಸಲಾರೆ ಎಂದು ಅವರು ಇವೆಲ್ಲವನ್ನೂ ಸೃಷ್ಟಿಸಿದವನ ಕಡೆಗೆ ತಿರುಗಿದರು. ಮುಂದೊಮ್ಮೆ, ಸತ್ತವರನ್ನು ಹೇಗೆ ಎಬ್ಬಿಸುತ್ತೀ ಎಂದು ಅವರು ದೇವರನ್ನೇ ಕೇಳಿದರು. ನಿನಗೆ ನಂಬಿಕೆಯಿಲ್ಲವೆ ಎಂದಾಗ, ಇದೆ, ಮನಸ್ಸಿಗೆ ನೆಮ್ಮದಿಯಾಗಲಿ ಎಂದು ಕೇಳಿದೆ ಎಂದರು. ಆ ಪ್ರಶ್ನೆಗಾಗಿ ದೇವರು ಅವರನ್ನು ಗದರಿಸಲಿಲ್ಲ. ಅವರಿಗೆ ಉತ್ತರ ತೋರಿಸಿದನು.

ಆದ್ದರಿಂದ ಮಿತ್ರರೆ, ನಿಮ್ಮ ಗೆಳೆಯರ ನಂಬಿಕೆಯ ಬಗ್ಗೆ ಸಂದೇಹ ಬಂದರೆ ಅವರನ್ನೇ ಕೇಳಿ. ನಿಮ್ಮ ನಂಬಿಕೆಯ ಬಗ್ಗೆ ಅವರು ಕೇಳಿದರೆ ಸಿಟ್ಟಾಗದೆ ಉತ್ತರಿಸಿ. ಮುಂದಿನ ಸಲ ಬಾಂಗಿನ ಕರೆ ಕಿವಿಗೆ ಬಿದ್ದಾಗ, ಎದೆಯ ಮೇಲೆ ಬಂಡೆ ಹೊತ್ತು 'ಅಹದ್' ಎಂದ ಬಿಲಾಲರನ್ನು ಒಮ್ಮೆ ನೆನೆಯಿರಿ.