ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ?

ಮಕ್ಕಳು ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿರುವ ಮನೆಗಳು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ಅಂಥ ಮನೆಯ ಹಿರಿಯರನ್ನು “ಅಲ್ಲಿಗೆ ಎಷ್ಟು ದೂರ?” ಎಂದು ಕೇಳಿದರೆ ಅವರು ಮೈಲಿಗಳನ್ನು ಹೇಳುವುದಿಲ್ಲ, ಗಂಟೆಗಳನ್ನು ಹೇಳುತ್ತಾರೆ. ಈ ಎರಡು ಲೆಕ್ಕಗಳೂ ಒಂದಕ್ಕೊಂದು ಸುಲಭವಾಗಿ ಹೊಂದುವುವಲ್ಲ.

ಗೋಡೆಯ ಮೇಲಿನ ಭೂಪಟವು ನಮ್ಮನ್ನು ಮೊದಲೇ ದಾರಿ ತಪ್ಪಿಸುತ್ತದೆ. ಅದರಲ್ಲಿ ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರವನ್ನು ದಾಟುವ ಗೆರೆಯೇ ನೇರವೆಂದು ತೋರುತ್ತದೆ. ಅದನ್ನೇ ಹಿಡಿದು ಹೋದರೆ ಸುಮಾರು 16,000 ಕಿಲೋಮೀಟರು. ಪಟವನ್ನು ಬಿಟ್ಟು, ಶಾಲೆಯ ಮಕ್ಕಳು ಬಳಸುವ ಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿರಿ. ದಾರವು ತಾನಾಗಿಯೇ ಮೇಲಕ್ಕೆ ಸರಿಯುವುದು. ನೇಪಾಳ, ಟಿಬೆಟ್, ಸೈಬೀರಿಯಗಳನ್ನು ಹಾದು ಆರ್ಕ್ಟಿಕ್ ಸಮುದ್ರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲೆ ಕೆಳಗಿಳಿಯುವುದು. ಈ ದಾರಿಯ ಉದ್ದ 13,993 ಕಿಲೋಮೀಟರು, ಎಂದರೆ ಸುಮಾರು 8,700 ಮೈಲಿ.

ಆದರೆ ದಾರದ ದಾರಿಯಲ್ಲಿ ವಿಮಾನವು ಹೋಗುವಂತಿಲ್ಲ. ಒಳಗಿನ ಗಾಳಿಯ ಒತ್ತಡವು ತಪ್ಪಿದರೆ ವಿಮಾನವು ಉಸಿರಾಡಲು ಅನುಕೂಲವಾದ ಸುಮಾರು 10,000 ಅಡಿಯ ಎತ್ತರಕ್ಕೆ ಕೂಡಲೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರವಾಗಿದೆ! ಆದಕಾರಣ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ.

ಹೀಗೆ ಬಳಸಬೇಕಾದಲ್ಲಿ ಸಾಕ್ಷಾತ್ ಉತ್ತರ ಧ್ರುವದ ಮೇಲೆಯೇ ಹೋದರೇನು? ಲೆಕ್ಕ ಹಾಕಿ ನೋಡಿದರೆ ದಾರದ ದಾರಿಗಿಂತ ಸುಮಾರು 400 ಕಿಲೋಮೀಟರು ಮಾತ್ರ ಹೆಚ್ಚು. 2021ನೆಯ ಇಸವಿ ಜನವರಿ 9ರ ರಾತ್ರಿ ಸಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನವು ಈ ಧ್ರುವಮಾರ್ಗವನ್ನೇ ಹಿಡಿದು, ಎಲ್ಲಿಯೂ ನಿಲ್ಲದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರೇ ಎಂಬುದನ್ನು ಇಲ್ಲಿ ಸಂತೋಷದಿಂದ ಸ್ಮರಿಸಬೇಕು.

ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನಾರೇ ಗಂಟೆ ಸಾಕಲ್ಲವೆ ಎಂದು ಕೇಳಬಹುದು. ಏರುವುದಕ್ಕೂ ಇಳಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಎದುರುಗಾಳಿಯು ತಡೆಯುತ್ತದೆ, ಹಿಂಗಾಳಿಯು ತಳ್ಳುತ್ತದೆ. ಅವಘಡಗಳ ಮಾತಂತೂ ಬೇರೆಯೇ. 2023ರ ಜೂನ್ 6ರಂದು ದೆಹಲಿಯಿಂದ ಇದೇ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೊರಟಿದ್ದ ವಿಮಾನವೊಂದು ಎಂಜಿನ್ನಿನ ದೋಷದಿಂದಾಗಿ ರಷ್ಯದ ಮೂಡಣ ಕೊನೆಯಲ್ಲಿರುವ ಮಗಾಡಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ 216 ಮಂದಿ ಪ್ರಯಾಣಿಕರು ಭಾಷೆಯರಿಯದ ಆ ಊರಿನಲ್ಲಿ, ಸಿಕ್ಕಿದ ವಸತಿಯಲ್ಲಿ ಕಾದರು. ಬೇರೊಂದು ವಿಮಾನವು ಅವರನ್ನು ಕರೆದೊಯ್ದದ್ದು 8ನೆಯ ತಾರೀಖಿನಲ್ಲಿ. ಮನೆಯಲ್ಲಿದ್ದವರಿಗೆ ಆ ದಿನಗಳು ಎಷ್ಟು ದೀರ್ಘವಾಗಿದ್ದುವೋ!

ಇನ್ನು ಪಂಚಾಂಗದ ಸೋಜಿಗವೊಂದುಂಟು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರುವರೆ ಗಂಟೆ ಮುಂದಿರುತ್ತದೆ. ಮಧ್ಯಾಹ್ನ ಎರಡಕ್ಕೆ ಬೆಂಗಳೂರನ್ನು ಬಿಟ್ಟವರು ಹದಿನಾರು ಗಂಟೆ ಹಾರಿ, ಅದೇ ದಿನ ಸಂಜೆ ನಾಲ್ಕುವರೆಗೆ ಅಲ್ಲಿಳಿಯುತ್ತಾರೆ! ಹಿಂದಿರುಗುವಾಗ ಈ ಲಾಭವನ್ನು ಒಪ್ಪಿಸಲೇಬೇಕು. ಮಗನು ಜನವರಿ ಒಂಬತ್ತರ ರಾತ್ರಿ ಎಂಟುವರೆಗೆ ಅಲ್ಲಿಂದ ಹೊರಡುವೆನೆಂದು ತಿಳಿಸಿದರೆ, ತಂದೆತಾಯಿಗಳು ಹತ್ತರಂದು ದೇವನಹಳ್ಳಿಯಲ್ಲಿ ಕಾದು ಪ್ರಯೋಜನವಿಲ್ಲ. ಹನ್ನೊಂದರ ಬೆಳಗಿನ ಜಾವ ಮೂರಕ್ಕೆ ಅಲ್ಲಿರತಕ್ಕದ್ದು.