ತೋಡಿನ ಆರೈಕೆ, ಊರಿನ ನೀರು
(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ಕೇರಳದ 44 ನದಿಗಳ ಪೈಕಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹರಿಯುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ ಬೇಸಗೆ ಕಾಲಿಡುವಷ್ಟರಲ್ಲಿ ನಮ್ಮ ಅನೇಕ ಬಾವಿಗಳು ಬರಿದಾಗುತ್ತವೆ. ಇದರ ಕಾರಣವನ್ನು ನಾವು ಆಕಾಶದಲ್ಲಿ ಹುಡುಕಬೇಕಾಗಿಲ್ಲ; ಮನೆಯ ಕೆಳಗಿನ ತೋಡಿನಲ್ಲಿ ನೋಡಿದರೆ ಸಾಕು.

ಗುಡ್ಡದ ಕಾಡು ತೆಳುವಾದಂತೆ ಮಳೆನೀರು ಇಂಗದೆ ಧಾವಿಸುತ್ತದೆ. ದಡದ ಗಿಡಮರಗಳನ್ನು ಕಡಿದು ಅಡಿಕೆ ತೋಟವನ್ನು ನೀರಂಚಿನವರೆಗೆ ವಿಸ್ತರಿಸಿದಲ್ಲಿ ಆ ರಭಸವು ದಡವನ್ನು ಕೊರೆದು ತಳವನ್ನು ಆಳವಾಗಿಸುತ್ತದೆ. ತೋಡು ಆಳವಾದಷ್ಟೂ ಪಕ್ಕದ ತೋಟದ ಅಂತರ್ಜಲ ಕೆಳಕ್ಕೆ ಬಸಿದುಹೋಗುತ್ತದೆ. ಕಾಂಕ್ರೀಟ್ ಗೋಡೆಯು ನಮ್ಮ ದಡವನ್ನು ಉಳಿಸೀತು. ಆದರೆ ರಭಸವನ್ನು ಕೆಳಗಿನ ನೆರೆಯವರ ದಡಕ್ಕೆ ದಾಟಿಸುತ್ತದೆ.

ನಮ್ಮ ಹಿರಿಯರು ಕಂಡುಕೊಂಡ ದಾರಿ ಕಟ್ಟ. ಮಳೆಗಾಲ ಮುಗಿದು ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡಗಳಿಂದ ಕಟ್ಟಿ, ಮುಂಗಾರಿಗೆ ಮುನ್ನ ಬಿಚ್ಚುವ ತಾತ್ಕಾಲಿಕ ಒಡ್ಡು ಅದು. ತಡೆದು ನಿಂತ ನೀರು ಇಕ್ಕೆಲಗಳಲ್ಲಿ ಇಂಗಿ ಬಾವಿ, ಕೆರೆಗಳನ್ನು ಸೇರುತ್ತದೆ. ಮಳೆಗಾಲದಲ್ಲಿ ದಾರಿ ತೆರೆದಿರುವುದರಿಂದ ಹರಿವಿಗೆದುರಾಗಿ ಏರಿಬರುವ ಮೀನುಗಳಿಗೂ ತಡೆಯಿಲ್ಲ. ಒಂದೇ ಕಟ್ಟದಿಂದ ದೊರೆಯುವ ಫಲ ಅಲ್ಪ. ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಕಟ್ಟಿದಾಗಲೇ ಊರಿಗೆಲ್ಲ ನೀರು.

ಕಟ್ಟದೊಡನೆ ದಡಕ್ಕೆ ಹಸಿರೂ ಬೇಕು. ಕೇದಗೆ, ಬಿದಿರು, ಹೊಂಗೆ, ನೇರಳೆಗಳ ಬೇರುಗಳು ಮಣ್ಣನ್ನು ಹಿಡಿಯುತ್ತವೆ. ನೆರಳು ನೀರನ್ನು ತಂಪಾಗಿಡುತ್ತದೆ. ತಂಪು ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ಮೀನು, ಏಡಿಗಳು ಬದುಕುತ್ತವೆ. ತೋಟಕ್ಕೆ ಸಿಂಪಡಿಸಿದ ಮೈಲುತುತ್ತಿನ ಶೇಷ, ಗೊಬ್ಬರ, ಕೆಸರುಗಳು ನೇರವಾಗಿ ನೀರಿಗಿಳಿಯದಂತೆ ಈ ಹಸಿರು ಪಟ್ಟಿಯು ಬಹುಮಟ್ಟಿಗೆ ಸೋಸುತ್ತದೆ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿದ ನಾಡು ನಮ್ಮದು. ತೋಡಿಗೆ ಬಿದ್ದ ವಿಷ ಮನೆಯ ಕೊಡಕ್ಕೂ ಬರುತ್ತದೆಂದು ನಮಗೆ ಬೇರೆಯವರು ತಿಳಿಸಬೇಕಾಗಿಲ್ಲ.

ಕೊಳವೆಬಾವಿಯನ್ನು ಒಬ್ಬರೇ ಕೊರೆಸಬಹುದು. ಕಟ್ಟವನ್ನು ಒಬ್ಬರೇ ಕಟ್ಟಲಾಗದು. ಕೊಳವೆಬಾವಿಗಳು ಹೆಚ್ಚಿದಂತೆ ಕೂಡಿ ದುಡಿಯುವ ರೂಢಿಯೂ ಸಡಿಲಿತು. ತೋಡಿನ ಸವಕಳಿಯಷ್ಟೇ ಈ ಸವಕಳಿಯೂ ಚಿಂತಿಸತಕ್ಕದ್ದು. ಗಡಿನಾಡಿನ ಈ ಕನ್ನಡ ಶಾಲೆ 100 ವರ್ಷ ಬಾಳಿದ್ದು ಪ್ರತಿ ತಲೆಮಾರೂ ಕೈಜೋಡಿಸಿದ್ದರಿಂದ. ತೋಡು ಬೇಡುವುದೂ ಅಂಥ ಎಡೆಬಿಡದ ಆರೈಕೆಯನ್ನೇ. ಬರುವ ಡಿಸೆಂಬರಿನಲ್ಲಿ ಶಾಲೆಯ ಕೆಳಗಿನ ತೋಡಿಗೆ ಮಕ್ಕಳೂ ಹಿರಿಯರೂ ಸೇರಿ ಒಂದು ಕಟ್ಟ ಕಟ್ಟೋಣ. ಮರುವರ್ಷವೂ ಮರೆಯದೆ ಕಟ್ಟೋಣ.