ಮಗ ಯಾರೊಂದಿಗೆ ಆಡುತ್ತಿದ್ದಾನೆ?

(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು ಪಬ್‌ಜಿಯನ್ನು ನಿಷೇಧಿಸಿದಾಗ ನಮ್ಮಲ್ಲಿ ಅನೇಕರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಮರುವರ್ಷವೇ ಆ ಆಟ ಬೇರೆ ಹೆಸರಿನಲ್ಲಿ ಮರಳಿತು. ಮಕ್ಕಳ ತರಬಿಯತ್ತನ್ನು ಸರಕಾರಿ ಆದೇಶಕ್ಕೆ ಒಪ್ಪಿಸಿ ನಿಶ್ಚಿಂತರಾಗುವುದು ಎಷ್ಟರ ಮಟ್ಟಿಗೆ ಸರಿ?

ಆಟವೆಂದೊಡನೆ ಹರಾಮ್ ಎಂದು ಗುಡುಗುವವರೂ ಇದ್ದಾರೆ. ಹಣ ಹೂಡಿ ಆಡುವುದು ಜೂಜು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದೀನಾದ ಮಸೀದಿಯಲ್ಲಿ ಅಬಿಸೀನಿಯದವರು ಈಟಿಯಾಟವಾಡುತ್ತಿದ್ದಾಗ ಪ್ರವಾದಿವರ್ಯರು(ಸ) ತಡೆಯಲಿಲ್ಲ. ಆಯಿಶಾ(ರ) ನೋಡಿ ತೃಪ್ತರಾಗುವವರೆಗೂ ಅವರಿಗೆ ಮರೆಯಾಗಿ ಜೊತೆಯಲ್ಲೇ ನಿಂತಿದ್ದರು. ಹಾಗೆ ಜೊತೆಗೆ ನಿಲ್ಲುವವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಆಟದ ವ್ಯಸನವನ್ನು ರೋಗಗಳ ಪಟ್ಟಿಗೆ ಸೇರಿಸಿತು, ನಿಜ. ಹಿಡಿತ ತಪ್ಪಿ, ಓದು, ಮನೆ, ಸ್ನೇಹಗಳೆಲ್ಲ ಕೆಟ್ಟು, ಸಾಮಾನ್ಯವಾಗಿ ಒಂದು ವರ್ಷವಾದರೂ ಹಾಗೆಯೇ ಮುಂದುವರಿದರೆ ಅದು ವ್ಯಸನ. ಆಸಕ್ತಿಯೆಲ್ಲ ಕಾಯಿಲೆಯಲ್ಲ.

ಫಜ್ರ್‌ಗೆ ಏಳದ ಮಗನ ಮೊಬೈಲನ್ನು ನೆಲಕ್ಕಪ್ಪಳಿಸಿದ ತಂದೆಯೊಬ್ಬರು ನನ್ನ ಬಳಿ ಬಂದಿದ್ದರು. ಅಂದಿನಿಂದ ಮಗ ಮಾತು ಬಿಟ್ಟಿದ್ದನು. "ಅವನು ಯಾರೊಂದಿಗೆ ಆಡುತ್ತಿದ್ದ?" ಎಂದು ಕೇಳಿದೆ. ಅವರಿಗೆ ತಿಳಿದಿರಲಿಲ್ಲ. (ಮಾತಿನ ನಡುವೆಯೂ ಅವರ ಕೈಯಲ್ಲಿ ವಾಟ್ಸಾಪ್ ತೆರೆದೇ ಇತ್ತು.) ಇಶಾದ ಬಳಿಕ ಪಕ್ಕದಲ್ಲಿ ಕುಳಿತು ಆ ಆಟದ ಬಗ್ಗೆ ಅವನನ್ನೇ ಕೇಳಿರಿ ಎಂದೆ.

ಕಳೆದ ವಾರ ಅವರ ಫೋನ್ ಬಂದಿತ್ತು. ಮಗ ಅರ್ಧ ಗಂಟೆ ವಿವರಿಸಿದನಂತೆ. ತಮಗೆ ಹೆಚ್ಚೇನೂ ಅರ್ಥವಾಗಲಿಲ್ಲವೆಂದು ಹೇಳಿ ನಕ್ಕರು.